ಉಳಿದದ್ದಕ್ಕೆ ಜವಾಬು

ಬಿಸ್ಮಿಲ್ಲಾ ಬಿಗೆ ಬೇಕಾಗಿದ್ದದ್ದು ಒಂದು ಚೀಟಿ. ಓದು ಬರಹ ಬಲ್ಲವಳು ಎಂದು ಬರೆದು, ಕೆಳಗೆ ಸಾಲೆ ತಪಾಸಣೆಯ ಡಿಪ್ಯೂಟಿ ಸಾಹೇಬರು ಸಹಿ ಹಾಕಿ ಮೊಹರು ಒತ್ತಿದ ಚೀಟಿ. ಅದಿದ್ದರೆ ವಖಾರಿಯ ಮುಕಾದಮಳ ಕೆಲಸ ಅವಳದು, ಇಲ್ಲದಿದ್ದರೆ ಇಲ್ಲ. ಮೂವತ್ತೆಂಟನೇ ಇಸವಿಯ ದೀಪಾವಳಿಯಿಂದ ಮುಂದಿನ ಶಿವರಾತ್ರಿಯ ತನಕ ಶಿರಸಿಯ ನಮ್ಮ ಕೇರಿಯಲ್ಲಿ ಈ ಚೀಟಿಯದೇ ಮಾತು.

ನಾವೆಲ್ಲ ಅವಳನ್ನು ಬೀಬಿ ಎಂದು ಕರೆಯುತ್ತಿದ್ದೆವು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಗೋಡೆಗೆ ಗೋಡೆ ತಾಗಿದ ಮನೆ. ಗಂಡ ಇಸಾಕ್ ಸಾಹೇಬರು ಕುಮಟೆಗೂ ಯಲ್ಲಾಪುರಕ್ಕೂ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಾಡಿಗಳು ಯಲ್ಲಾಪುರದ ಮೈದುನನ ಮಗನ ಕೈಗೆ ಹೋದವು. ಬೀಬಿ ಪೇಟೆಯ ಒಂದು ವಖಾರಿಗೆ ಹೋಗಿ ಚೀಲ ಹೊಲಿಯುವ, ಸಾಮಾನು ಕಟ್ಟುವ ಕೆಲಸಕ್ಕೆ ಕೂತಳು. ಅಲ್ಲಿಂದ ಊರೂರಿನ ಅಂಗಡಿಗಳಿಗೆ ಗಾಡಿಯಲ್ಲಿ, ಕೆಲವೊಮ್ಮೆ ಲಾರಿಯಲ್ಲಿ ಸಾಮಾನು ಹೋಗುತ್ತಿತ್ತು. ಯಾವ ಗಾಡಿಗೆ ಯಾವುದನ್ನು ಹೇರಬೇಕು ಎಂದು ನೋಡಿಕೊಳ್ಳುವ ಮುಕಾದಮ ಮುದುಕರಾಗಿ ಕೆಲಸ ಬಿಟ್ಟರು. ಆ ಜಾಗ ಬೀಬಿಗೇ ಎಂದು ವಖಾರಿಯ ಮ್ಯಾನೇಜರು ಅಂದಾನಪ್ಪನವರು ಬಾಯಿಬಿಟ್ಟು ಹೇಳಿದ್ದರು. ಅಷ್ಟರಲ್ಲಿ ಹುಬ್ಬಳ್ಳಿಯ ಧಣಿಗಳಿಂದ ಕಾಗದ ಬಂತು. ಮುಕಾದಮನಾಗುವವರಿಗೆ ಚೀಲದ ಮೇಲಿನ ಬರಹ ಓದಲು ಬರಬೇಕು, ಬರುತ್ತದೆ ಎಂಬುದಕ್ಕೆ ಸರಕಾರದ ಚೀಟಿ ಬೇಕು.

"ಏನ್ ಮಾಡೋದ್ರಿ ಬೀಬಿಯವರ, ನನ್ನ ಕೈಯಾಗ ಇಲ್ಲ" ಎಂದರು ಅಂದಾನಪ್ಪನವರು. ಅವರು ಹಾವೇರಿ ಕಡೆಯವರು. "ಆ ಹೆಂಗಸರ ಕ್ಲಾಸಿಗೆ ಹೋಗ್ರಿ. ಶಿವರಾತ್ರಿಗೆ ಪರೀಕ್ಷಾ ಐತಂತ. ಚೀಟಿ ತಗೊಂಡ್ ಬರ್ರಿ. ಅಲ್ಲೀತನಕ ಜಾಗಾ ಖಾಲಿ ಇಡ್ತೀನಿ."

ಆ ವರ್ಷ ಸರಕಾರದವರು ದೊಡ್ಡವರಿಗೂ ಓದು ಕಲಿಸಬೇಕೆಂದು ಊರೂರಲ್ಲಿ ವರ್ಗ ತೆರೆದಿದ್ದರು. ನಮ್ಮದು ಒಂದು ಸಾಲೆಯ ಹಿಂದಿನ ಜಗಲಿಯಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ. ಹನ್ನೊಂದು ಹೆಂಗಸರು. ಎರಡನೇ ಇಯತ್ತೆಗೆ ಸಾಲೆ ಬಿಟ್ಟ ನಾನೂ ಹೋದೆ. ವಖಾರಿಯಲ್ಲಿ ಬೀಬಿಯ ಜೊತೆ ಚೀಲ ಹೊಲಿಯುವ ನಾಗಿಯೂ ಬಂದಳು. ನಾಗಿಗೆ ಇಪ್ಪತ್ತೋ ಇಪ್ಪತ್ತೊಂದೋ. ಮಾಸ್ತರು ಒಂದು ಸಲ ಹೇಳಿದ್ದನ್ನು ಹಾಗೆಯೇ ಒಪ್ಪಿಸುವ ಹುಡುಗಿ.

ಮಾಸ್ತರು ಕಾನಸೂರಿನವರು, ಶಾಂತಾರಾಮ ಮಾಸ್ತರು ಎಂದು ಹೆಸರು. ಟ್ರೇನಿಂಗ್ ಮುಗಿಸಿ ಹೊಸದಾಗಿ ಬಂದಿದ್ದರು. ಅಕ್ಷರ ಕೂಡಿಸಲು ಬಂದ ಮೇಲೆ ಶಬ್ದ ಕಲಿಸಲು ಅವರದೊಂದು ಆಟವಿತ್ತು. ಕರಿಹಲಗೆಯ ಮೇಲೆ ನಾಲ್ಕು ಶಬ್ದ ಬರೆಯುವುದು. ಅದರಲ್ಲಿ ಮೂರು ಒಂದು ಗುಂಪಿನವು, ಒಂದು ಆ ಗುಂಪಿನದಲ್ಲ. ಅದನ್ನು ಹುಡುಕಿ ಹೇಳಬೇಕು. ಆಮೇಲೆ ಉಳಿದ ಮೂರಕ್ಕೆ ಸೇರಿ ಇರುವ ಹೆಸರನ್ನು ಅವರು ಹೇಳುತ್ತಿದ್ದರು. ನಾವು ಅದನ್ನು ಪಾಟಿಯ ಮೇಲೆ ಬರೆದುಕೊಳ್ಳಬೇಕು. ಹೀಗೆ ದಿನಕ್ಕೆ ಮೂರೋ ನಾಲ್ಕೋ ಹೊಸ ಶಬ್ದ. ಪರೀಕ್ಷೆಯಲ್ಲಿಯೂ ಇದನ್ನು ಬಾಯಿಮಾತಿನಲ್ಲಿ ಕೇಳುತ್ತಾರೆ ಎಂದೂ ಹೇಳಿದ್ದರು.

ಮೊದಲ ದಿನ ಬರೆದದ್ದು ಬೆಲ್ಲ, ಸಕ್ಕರೆ, ಜೇನು, ಉಪ್ಪು.

"ಉಪ್ಪು!" ಎಂದಳು ಬೀಬಿ, ಮಾಸ್ತರು ಸೀಮೆಸುಣ್ಣ ಕೆಳಗಿಡುವ ಮೊದಲೇ.

"ಭೇಷ್! ಉಳಿದ ಮೂರೂ ಸಿಹಿ ಪದಾರ್ಥ. ಬರ್ಕೊಳ್ಳಿ, ಪದಾರ್ಥ."

ಎರಡನೆಯದು ಮಲ್ಲಿಗೆ, ಸೇವಂತಿಗೆ, ಗುಲಾಬಿ, ತೆಂಗಿನಕಾಯಿ. ಬೀಬಿ ತೆಂಗಿನಕಾಯಿ ಎಂದಳು. ಮೂರನೆಯದು ಏಲಕ್ಕಿ, ಲವಂಗ, ಕಾಳುಮೆಣಸು, ಒಣಮೀನು. ಒಣಮೀನು ಎನ್ನುವಾಗ ಅವಳು ಮೂಗು ಸಹ ಹಿಡಿದುಕೊಂಡಳು. ಎಲ್ಲ ಸರಿ. ಎಂಟು ದಿನ ಹೀಗೇ ನಡೆಯಿತು. ಮಾಸ್ತರಿಗೆ ಹಿಗ್ಗೋ ಹಿಗ್ಗು.

"ಬಾಯೋರೇ, ನೀವು ಸಣ್ಣಿರುವಾಗ ಸಾಲೆಗೆ ಹೋಗ್ಲಿಲ್ಲ ನೋಡಿ, ಸಾಲೆಗೇ ನಷ್ಟ."

"ಹೋಗಿದ್ರೆ ಇಷ್ಟೊತ್ತಿಗೆ ನಿಮ್ ಕುರ್ಚಿ ಮೇಲೆ ನಾ ಕೂರ್ತಿದ್ದೆ ಮಾಸ್ತರೇ. ಒಳ್ಳೇದಾಯ್ತು ಬಿಡಿ, ನಿಮ್ ಹೊಟ್ಟೆ ಮೇಲೆ ಯಾಕೆ ಹೊಡೀಲಿ" ಎಂದಳು ಬೀಬಿ. ಜಗಲಿಯೆಲ್ಲ ನಕ್ಕಿತು.

ಆ ಎಂಟು ದಿನದಲ್ಲಿ ಮಾಸ್ತರು ಒಂದು ಸಲವಾದರೂ 'ಯಾಕೆ' ಎಂದು ಕೇಳಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಉತ್ತರ ಸರಿ ಬಂದಾಗ ಯಾಕೆ ಎಂದು ಯಾರು ಕೇಳುತ್ತಾರೆ?

ಒಂಬತ್ತನೆಯ ದಿನ ಬರೆದದ್ದು ಶುಂಠಿ, ಜೀರಿಗೆ, ಅರಿಶಿನ, ಬಟ್ಟೆ.

"ಅರಿಶಿನ" ಎಂದಳು ಬೀಬಿ.

"ಬಟ್ಟೆ" ಎಂದಳು ನಾಗಿ.

"ನಾಗಿ ಹೇಳಿದ್ದು ಸರಿ" ಎಂದರು ಮಾಸ್ತರು. "ಬಾಯೋರೇ, ಅರಿಶಿನ ಎಂತಕ್ಕೆ?"

"ಎಂತಕ್ಕೆ ಅಂದ್ರೆ? ಬಟ್ಟೆ ಗಂಟಿನ ಪಕ್ಕ ಅರಿಶಿನದ ಚೀಲ ಇಟ್ಟು ಹಗ್ಗ ಬಿಗೀರಿ ನೀವು. ಯಲ್ಲಾಪುರ ಮುಟ್ಟೋದ್ರೊಳಗೆ ಪಂಚೆ ಎಲ್ಲ ಹಳದಿ. ಅಂಗಡಿಯವ ಗಾಡಿಯಿಂದ ಇಳಿಸ್ಕೊಳ್ತಾನಾ?"

ಮಾಸ್ತರು ಸೀಮೆಸುಣ್ಣ ಕೆಳಗಿಟ್ಟರು. "ಅವತ್ತು ಉಪ್ಪು ಅಂದ್ರಲ್ಲ, ಅದು ಎಂತಕ್ಕೆ?"

"ಉಪ್ಪು ಬೆವರ್ತದೆ. ಬೆಲ್ಲ ಕರಗ್ತದೆ."

"ತೆಂಗಿನಕಾಯಿ?"

"ಹೂವಿನ ಬುಟ್ಟಿ ಮೇಲೆ ಕಾಯಿ ಚೀಲ ಬಿದ್ರೆ ಹೂವು ಉಳೀತದಾ?"

ಮಾಸ್ತರು ಕುರ್ಚಿಯ ಮೇಲೆ ಕೂತುಬಿಟ್ಟರು. ಎಂಟು ದಿನದ ಭೇಷ್ ಎಲ್ಲ ವಾಪಸು ತೆಗೆದುಕೊಳ್ಳುವ ಹಾಗಿತ್ತು ಅವರ ಮುಖ.

ಅಲ್ಲಿಂದ ಶುರುವಾಯಿತು ಇಬ್ಬರಿಗೂ ಕಷ್ಟ. ಮರುದಿನ ಮಾಸ್ತರು ಬೇಕೆಂದೇ ಸುಲಭದ್ದು ಬರೆದರು. ಮಡಕೆ, ಗಡಿಗೆ, ಕುಡಿಕೆ, ಹುಲ್ಲು. ಬೀಬಿ ಹಲಗೆ ನೋಡಿದಳು, ಮಾಸ್ತರ ಮುಖ ನೋಡಿದಳು, ಮತ್ತೆ ಹಲಗೆ ನೋಡಿದಳು.

"ಇದ್ರಲ್ಲಿ ಏನೂ ಇಳಿಸ್ಬೇಡಿ ಮಾಸ್ತರೇ."

"ಏನೂ ಇಳಿಸ್ಬೇಡಿ ಅಂತ ಉತ್ತರ ಇಲ್ಲೆ. ಒಂದು ಹೇಳ್ಲೇಬೇಕು."

"ಹುಲ್ಲು ತೆಗೆದ್ರೆ ಮಡಕೆಗೆ ಮಡಕೆ ತಾಗಿ ಒಡೀತಾವೆ. ಮಡಕೆ ತೆಗೆದ್ರೆ ಹುಲ್ಲು ಎಂತಕ್ಕೆ? ಚೆಂದ ಹೇರಿದ್ದೀರಿ. ಹಾಗೇ ಹೋಗ್ಲಿ."

"ನಾನು ಏನನ್ನೂ ಹೇರ್ಲಿಲ್ಲ! ನಾನು ಬರೆದದ್ದು!" ಮಾಸ್ತರ ಕೈಯ ಸೀಮೆಸುಣ್ಣ ಮುರಿಯಿತು. "ಮೂರು ಪಾತ್ರೆ, ಒಂದು ಹುಲ್ಲು. ಮಗುವಿಗೂ ಗೊತ್ತಾಗ್ತದೆ!"

"ಮಗು ಗಾಡಿ ಹೇರೂದಿಲ್ಲ" ಎಂದಳು ಬೀಬಿ.

ಇನ್ನೊಂದು ದಿನ ಗಾಡಿಯ ಹಂಗೇ ಇರದಿರಲೆಂದು ತಾಯಿ, ತಂದೆ, ಅಣ್ಣ, ನೆರೆಯವ ಎಂದು ಬರೆದರು. ನಾಗಿ ನೆರೆಯವ ಎಂದಳು. ಬೀಬಿ ಅಣ್ಣ ಎಂದಳು. ಮಾಸ್ತರು ಕಣ್ಣು ಮುಚ್ಚಿಕೊಂಡು ಕೇಳಿದರು, "ಎಂತಕ್ಕೆ?"

"ಇವ್ರು ತೀರ್ಕೊಂಡು ನಾಲ್ಕು ವರ್ಷ. ಅಣ್ಣ ಅನ್ನೋನು ಒಂದು ಸಲ ಹೊಸ್ತಿಲು ತುಳೀಲಿಲ್ಲ." ನನ್ನ ಕಡೆ ಕೈ ತೋರಿಸಿದಳು. "ಈ ಗಂಗೆ ಗೋಡೆ ಆಚೆ ಇರೋದು. ನಂಗೆ ಜ್ವರ ಬಂದ್ರೆ ಗಂಜಿ ತರೋದು ಯಾರು? ಗಾಡೀಲಿ ಒಬ್ರನ್ನ ಇಳಿಸು ಅಂದ್ರೆ ನಾ ಯಾರನ್ನ ಇಳಿಸ್ಲಿ?"

ಹಿಂದಿನ ಸಾಲಿನಿಂದ ಹೊನ್ನಿ ಎಂಬ ಹೆಂಗಸು, "ನಂದೂ ಅಣ್ಣನೇ ಮಾಸ್ತರೇ, ಬರ್ಕೊಳ್ಳಿ" ಎಂದಳು. ಮತ್ತೊಬ್ಬಳು, "ನಾನು ಅತ್ತೇನ ಇಳಿಸ್ತೆ, ಹಲಗೆ ಮೇಲೆ ಇಲ್ಲದಿದ್ರೂ ಅಡ್ಡಿಲ್ಲೆ" ಎಂದಳು. ಆ ದಿನ ಪಾಠ ಮುಂದೆ ಹೋಗಲಿಲ್ಲ.

ನಗು ಜಗಲಿಯಲ್ಲಿಯೇ ಉಳಿಯಿತು. ಮನೆಗೆ ಬರುವಾಗ ಬೀಬಿ ನಮ್ಮೆಲ್ಲರಿಗಿಂತ ಮುಂದೆ ಸರಸರ ನಡೆದಳು. ಚೀಟಿ ಕೈತಪ್ಪುತ್ತಿದೆ ಎಂದು ಅವಳಿಗೆ ಗೊತ್ತಾಗಿತ್ತು. ಓದುವುದು ಅವಳಿಗೆ ನಿಧಾನ, ಬರೆಯುವುದು ಇನ್ನೂ ನಿಧಾನ, ನಲವತ್ತೈದು ದಾಟಿದ ಕೈ. ಅಂಕ ಕೂಡಬೇಕಾದದ್ದು ಈ ಬಾಯಿಮಾತಿನ ಶಬ್ದಗಳಲ್ಲೇ. ನಮ್ಮ ಹನ್ನೊಂದು ಜನರಲ್ಲಿ ಅವಳಷ್ಟು ಶಬ್ದ ಬಲ್ಲವರು ಯಾರೂ ಇರಲಿಲ್ಲ. ಕೊಂಕಣಿ, ಮರಾಠಿ, ಉರ್ದು, ಕನ್ನಡ, ಪ್ರತಿ ಸಾಮಾನಿಗೂ ಮೂರು ಹೆಸರು ಹೇಳುತ್ತಿದ್ದಳು. ಆದರೂ ಪಾಟಿಯ ತುಂಬ ತಪ್ಪಿನ ಗೆರೆ.

ಮಾಸ್ತರು ಒಳ್ಳೆಯವರು. ಒಂದು ದಿನ ವರ್ಗ ಬಿಟ್ಟ ಮೇಲೆ ಅವಳನ್ನು ನಿಲ್ಲಿಸಿಕೊಂಡರು. ನಾನೂ ಕಾದು ಕೂತೆ.

"ಬಾಯೋರೇ, ನಾಲ್ಕು ಶಬ್ದ ಬರೆದ ಕೂಡ್ಲೇ ನಿಮಗೆ ಗಾಡಿ ಎಂತಕ್ಕೆ ಕಾಣ್ತದೆ?"

ಆಗ ಬೀಬಿ ಅವರ ಮನೆತನದ ಪದ್ಧತಿ ಹೇಳಿದಳು. ಗಾಡಿ ಹೇರಿ ಆದ ಮೇಲೆ, ಹಗ್ಗ ಬಿಗಿಯುವ ಮೊದಲು, ಗಾಡಿ ಹೊಡೆಯುವವ ಒಳಗಿರುವ ಸಾಮಾನಿನ ಹೆಸರನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಹೇಳಬೇಕು. ಮನೆಯ ಹೆಂಗಸು ಹೊಸ್ತಿಲಲ್ಲಿ ನಿಂತು ಕೇಳಬೇಕು. ಗಂಡಸರಿಗೆ ಹೊರಡುವ ಅವಸರವಿರುತ್ತದೆ, ಅವರಿಗೆ ತಿಳಿಯುವುದಿಲ್ಲ. ಒಟ್ಟಿಗೆ ಹೋಗಬಾರದ್ದು ಕಿವಿಗೆ ಬಿದ್ದರೆ ಆ ಹೆಂಗಸು 'ಅದನ್ನ ಇಳಿಸು' ಎನ್ನುತ್ತಾಳೆ. ಅವಳು ಅಂದ ಮೇಲೆ ಧಣಿಯೇ ಬಂದು ಹೇಳಿದರೂ ಅದು ಗಾಡಿ ಹತ್ತುವುದಿಲ್ಲ. ಹಾಗೆಯೇ, ಇಳಿಸು ಅಂದವಳೇ ಉಳಿದದ್ದಕ್ಕೆ ಜವಾಬು. ದಾರಿಯಲ್ಲಿ ಏನಾದರೂ ಕೆಟ್ಟರೆ ಗಾಡಿ ಹೊಡೆದವನನ್ನು ಯಾರೂ ಕೇಳುವುದಿಲ್ಲ, ಅವಳನ್ನೇ ಕೇಳುತ್ತಾರೆ.

"ಮೊದಲು ಹೊಸ್ತಿಲಲ್ಲಿ ನಿಂತು ಹೇಳ್ತಿದ್ದದ್ದು ನನ್ನ ಅತ್ತೆ ಸುಗ್ರಾ ಬಿ" ಎಂದಳು ಬೀಬಿ. "ಒಂದಿನ ಹೊರೆ ಜಾಸ್ತಿ ಆಯ್ತು ಅಂತ ಹಪ್ಪಳದ ಬುಟ್ಟಿ ಇಳಿಸು ಅಂದ್ರು. ಅಷ್ಟೇ ಅಂದದ್ದು. ಚಿಮಣಿ ಎಣ್ಣೆ ಡಬ್ಬಿ ಮಗ್ಗುಲಿಗೆ ಕಡ್ಡಿಪೆಟ್ಟಿಗೆ ಕಟ್ಟು ಉಳಿದಿತ್ತು. ದೇವಿಮನೆ ಘಟ್ಟ ಇಳಿಯುವಾಗ ಗಾಡಿ ಹತ್ಕೊಂಡ್ತು. ಒಂದು ಎತ್ತು ಹೋಯ್ತು. ಇವರ ಚಿಕ್ಕಪ್ಪಂಗೆ ಎರಡೂ ಕೈ ಸುಟ್ಟು, ಆಮೇಲೆ ತುತ್ತು ಸಹ ಬೇರೆಯವರು ಬಾಯಿಗೆ ಇಡ್ಬೇಕಾಯ್ತು. ಅದಾದ್ಮೇಲೆ ಅತ್ತೆ ಹೊಸ್ತಿಲಿಗೆ ಬರ್ಲೇ ಇಲ್ಲ. ನಂಗೆ ಹದಿನಾರು ವರ್ಷ. ನನ್ನ ತಂದು ನಿಲ್ಲಿಸಿದ್ರು."

ಮಾಸ್ತರು ಕರಿಹಲಗೆ ಒರೆಸಿದರು. ಆಮೇಲೆ ಮೆತ್ತಗೆ ಹೇಳಿದರು, "ಪರೀಕ್ಷೆಯಲ್ಲಿ ಗಾಡಿ ಇಲ್ಲೆ ಬಾಯೋರೇ. ಬರೇ ಹೆಸರು."

"ಹೆಸರು ಇದ್ದಲ್ಲಿ ಸಾಮಾನು ಇರ್ತದಲ್ಲ ಮಾಸ್ತರೇ."

"ಇರ್ಲಿ. ಆದ್ರೆ ಡಿಪ್ಯೂಟಿ ಸಾಹೇಬರಿಗೆ ಕಾಣೋದು ಗುಂಪು ಮಾತ್ರ. ಯಾವ ಮೂರು ಒಂದೇ ಜಾತಿಯವು, ಅಷ್ಟು ನೋಡಿ. ನಿಮಗೆ ಚೀಟಿ ಬೇಕೋ ಬೇಡವೋ?"

"ಬೇಕು" ಎಂದಳು ಬೀಬಿ. ಬೇಕು ಎನ್ನುವಾಗ ಅವಳ ದನಿ ಜಗಳಕ್ಕೆ ನಿಂತವರ ದನಿಯ ಹಾಗಿತ್ತು.

ಅಂದಿನಿಂದ ಅವಳು ನನ್ನನ್ನು ಹಿಡಿದುಕೊಂಡಳು. ಬಾವಿಕಟ್ಟೆಯಲ್ಲಿ, ಅಕ್ಕಿ ಆರಿಸುವಾಗ, ವಖಾರಿಗೆ ಹೋಗುವ ದಾರಿಯಲ್ಲಿ, "ನಾಲ್ಕು ಹೇಳು ಗಂಗೆ" ಎನ್ನುವಳು. ನಾನು ಹೇಳಿದ ಕೂಡಲೇ ಅವಳಿಗೆ ಗಾಡಿಯ ಉತ್ತರ ನಾಲಗೆಯ ತುದಿಗೆ ಬರುತ್ತಿತ್ತು. ಅದನ್ನು ನುಂಗಿ, ಹುಡುಕಿ, ಸಾಲೆಯ ಉತ್ತರ ಹೇಳಬೇಕು. ಮಡಕೆ ಗಡಿಗೆ ಕುಡಿಕೆ ಹುಲ್ಲು ಎಂದರೆ, "ಹುಲ್ಲು. ಒಡೀಲಿ! ಎಲ್ಲ ಒಡೀಲಿ! ಡಿಪ್ಯೂಟಿ ಸಾಹೇಬರು ಅಂಟಿಸ್ಕೊಡ್ತಾರೆ!" ಎಂದು ಬಿಂದಿಗೆಯನ್ನು ಕಟ್ಟೆಗೆ ಕುಕ್ಕುವಳು. ಅರಿಶಿನದ್ದು ಕೇಳಿದರೆ, "ಬಟ್ಟೆ. ಉಟ್ಕೊಳ್ಳಿ ಹಳದಿ ಪಂಚೆ!" ಎನ್ನುವಳು. ಹತ್ತು ಕೇಳಿದರೆ ಮೊದಲು ಮೂರು ಸರಿ ಬರುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಆರು. ಮಾಘ ಮಾಸ ಮುಗಿಯುತ್ತ ಬಂದಾಗ ಒಂಬತ್ತು. ಮಾಸ್ತರು ಮತ್ತೆ ಭೇಷ್ ಎನ್ನಲು ಶುರು ಮಾಡಿದರು. ಆದರೆ ಈಗಿನ ಭೇಷ್ ಕೇಳಿ ಬೀಬಿ ನಗುತ್ತಿರಲಿಲ್ಲ. ಸುಳ್ಳು ಹೇಳಿ ಶಾಭಾಸ್‌ಗಿರಿ ಪಡೆದವರ ಹಾಗೆ ತಲೆ ತಗ್ಗಿಸುತ್ತಿದ್ದಳು.

ಪರೀಕ್ಷೆಯ ದಿನ ಡಿಪ್ಯೂಟಿ ಸಾಹೇಬರು ಕಾರವಾರದಿಂದ ಬಂದರು. ಕೆಟ್ಟ ಮನುಷ್ಯರೇನಲ್ಲ. ಅದೇ ಸಂಜೆ ಸಿದ್ದಾಪುರ ಮುಟ್ಟಬೇಕಾಗಿತ್ತು, ಹಾಗಾಗಿ ಗಡಿಯಾರ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡೇ ಕೂತರು. ನೂರಕ್ಕೆ ನಲವತ್ತು ಬಂದರೆ ಪಾಸು. ಓದುವುದು, ಬರೆಯುವುದು, ಕೊನೆಗೆ ಐದು ಸಲ ನಾಲ್ಕು ನಾಲ್ಕು ಶಬ್ದ. ಒಂದೊಂದಕ್ಕೆ ಐದು ಅಂಕ.

ಬೀಬಿ ಓದಿದಳು, ಕಲ್ಲುದಾರಿಯಲ್ಲಿ ಎತ್ತು ಹೆಜ್ಜೆ ಇಡುವ ಹಾಗೆ ಒಂದೊಂದೇ ಅಕ್ಷರ, ಆದರೆ ತಪ್ಪಿಲ್ಲದೆ. ಹೆಸರು, ಕೇರಿ, ಊರು ಬರೆಯುವಷ್ಟರಲ್ಲಿ ಹೊತ್ತು ಮುಗಿಯಿತು. ಓದು ಬರಹ ಎರಡೂ ಅರ್ಧಕ್ಕೇ ನಿಂತು, ಕೂಡಿ ಬಂದದ್ದು ಹದಿನಾರು ಅಂಕ. ಆಮೇಲೆ ಸಾಹೇಬರು ಶಬ್ದ ಕೇಳತೊಡಗಿದರು. ನಾವು ಉಳಿದವರು ಗೋಡೆಯ ಬದಿಗೆ ಸಾಲಾಗಿ ಕೂತಿದ್ದೆವು. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದಕ್ಕೆ ಸ್ವಲ್ಪ ತಡವರಿಸಿದಳು, ಸರಿ. ನಾಲ್ಕನೆಯದೂ ಸರಿ. ಹಿಂದೆ ನಿಂತ ಶಾಂತಾರಾಮ ಮಾಸ್ತರು ಕೈಬೆರಳು ಮಡಚಿ ಅಂಕ ಎಣಿಸುತ್ತಿದ್ದರು.

"ಕಂದೀಲು, ಚಿಮಣಿ ಎಣ್ಣೆ, ಕಡ್ಡಿಪೆಟ್ಟಿಗೆ, ಕೊಡೆ" ಎಂದರು ಸಾಹೇಬರು.

ಮಾಸ್ತರ ಕೈ ಅಲ್ಲೇ ನಿಂತಿತು. ಅವಳಿಗೆ ಉತ್ತರ ಗೊತ್ತಿತ್ತು. ಗುಂಪು ನೋಡುವುದನ್ನು ಅವಳು ಕಲಿತಾಗಿತ್ತು. ತುಟಿ 'ಕೊ' ಎನ್ನುವ ಹಾಗೆ ಗುಂಡಗಾದದ್ದನ್ನು ನಾನೇ ಕಂಡೆ. ದನಿ ಹೊರಡಲಿಲ್ಲ.

"ಹೇಳಿ."

"ಸಾಹೇಬರೇ, ಸಾಲೆಗಾದ್ರೆ ಕೊಡೆ."

"ಸಾಲೆಗಾದರೆ ಅಂದರೇನು? ಉತ್ತರ ಕೊಡೆ ಅಂತ ಬರೆದುಕೊಳ್ಳಲೋ?"

"ಕೊಡೆ ಇಳಿಸಿದ್ರೆ ಉಳಿದ ಮೂರು ಒಟ್ಟಿಗೆ ಉಳೀತಾವೆ."

"ಉಳಿಯಲಿ. ಅವು ಮೂರೂ ಬೆಳಕಿನ ಸಾಮಾನು."

"ಒಟ್ಟಿಗೆ ಹೋಗ್ಬಾರ್ದು ಸಾಹೇಬರೇ. ಕೊಡೆ ಪಾಪ ಎಂತ ಮಾಡ್ತದೆ? ಅದು ಇದ್ರೂ ಆಯ್ತು, ಇಲ್ಲದಿದ್ರೂ ಆಯ್ತು."

ಮಾಸ್ತರು ಹಿಂದಿನಿಂದ, "ಬಾಯೋರೇ, ಗಾಡಿ ಇಲ್ಲೆ, ಗಾಡಿ ಇಲ್ಲೆ" ಎಂದು ಪಿಸುಗುಟ್ಟಿದರು. ಸಾಹೇಬರು ತಿರುಗಿ ನೋಡಿದ ಮೇಲೆ ಸುಮ್ಮನಾದರು.

"ಒಂದೇ ಉತ್ತರ" ಎಂದರು ಸಾಹೇಬರು ಗಡಿಯಾರ ನೋಡಿ. "ಯಾವುದು?"

ಬೀಬಿ ಸೆರಗು ಸರಿ ಮಾಡಿಕೊಂಡಳು. ಜಗಲಿಯ ಕಂಬ ಹಿಡಿದುಕೊಂಡಳು.

"ಕಡ್ಡಿಪೆಟ್ಟಿಗೆ."

ಸಾಹೇಬರು ಸೊನ್ನೆ ಹಾಕಿದರು. ಒಟ್ಟು ಮೂವತ್ತಾರು ಆಯಿತು.

ಮಾಸ್ತರು ಬಹಳ ಹೇಳಿಕೊಂಡರು. ಈ ಬಾಯೋರಿಗೆ ಸರಿಯುತ್ತರ ಗೊತ್ತಿದೆ, ತಾನು ಸಾಕ್ಷಿ, ಸಾಲೆಗಾದರೆ ಕೊಡೆ ಎಂದದ್ದನ್ನು ಸಾಹೇಬರೂ ಕೇಳಿದ್ದಾರೆ. ಸಾಹೇಬರು ಕಾಗದ ಜೋಡಿಸಿಕೊಳ್ಳುತ್ತ, "ನಿಮ್ಮಲ್ಲಿ ಒಬ್ಬರು ಗಾಡಿ ಅನ್ನುತ್ತಾರೆ, ಅಂಕೋಲೆಯಲ್ಲಿ ಒಬ್ಬರು ದೋಣಿ ಅನ್ನುತ್ತಾರೆ, ಹಳಿಯಾಳದಲ್ಲಿ ಇನ್ನೊಬ್ಬರು ಇನ್ನೇನೋ. ಎಲ್ಲರಿಗೂ ಅವರವರ ಉತ್ತರಕ್ಕೆ ಅಂಕ ಕೊಡುತ್ತ ಹೋದರೆ ನಾನು ಪರೀಕ್ಷೆ ಮಾಡುವುದು ಹೇಗೆ ಮಾಸ್ತರೇ?" ಎಂದರು. ಅದೂ ಸುಳ್ಳಲ್ಲ. ಅದಕ್ಕೇ ನಮಗೆ ಹೆಚ್ಚು ಸಂಕಟವಾದದ್ದು. ಬೈಯಲು ಯಾರೂ ಸಿಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಒಂದು ಶಬ್ದ ಬೀಬಿ! ಎರಡು ಅಕ್ಷರ! ಹುಲ್ಲು ಅಂದ್ಯಲ್ಲ, ಬಟ್ಟೆ ಅಂದ್ಯಲ್ಲ. ಇದನ್ನೊಂದು ಹೇಳಿದ್ರೆ ಎಂತ ಹೋಗ್ತಿತ್ತು?"

"ಒಡೆದ್ರೆ ಮಡಕೆ ಅಷ್ಟೇ ಅಂದ್ಕೊಂಡು ಹುಲ್ಲು ಅಂದೆ. ಇದನ್ನ ನಾಲ್ಗೆ ಹೇಳ್ಲಿಲ್ಲ ಗಂಗೆ. ನಾ ಎಂತ ಮಾಡ್ಲಿ? ನಂಗೂ ಸಿಟ್ಟು ಬರ್ತಾ ಇದೆ. ಕಿತ್ತು ಬಿಸಾಡ್ಲಾ ಇದನ್ನ?" ಎಂದು ನಾಲಗೆ ಹೊರಗೆ ಹಾಕಿ ತೋರಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು. ಇಬ್ಬರಿಗೂ ನಗು ಬಂತು, ನಗಲಾಗಲಿಲ್ಲ.

ನಾಗಿಗೆ ಐವತ್ತೆರಡು ಅಂಕ ಬಂದಿತ್ತು. ವಖಾರಿಯಲ್ಲಿ ಕೆಲಸ ಮಾಡುವವರಲ್ಲಿ ಚೀಟಿ ಸಿಕ್ಕಿದ್ದು ಅವಳಿಗೊಬ್ಬಳಿಗೇ. ಧಣಿಗಳ ಕಾಗದದ ಪ್ರಕಾರ ಅವಳೇ ಮುಕಾದಮಳಾದಳು. ಹುಡುಗಿ ಆ ಸಂಜೆಯೇ ಬೀಬಿಯ ಮನೆಗೆ ಓಡಿ ಬಂದಳು.

"ಬೀಬಿ, ನಂಗೆ ಬ್ಯಾಡ. ನಾಳೆ ಹೋಗಿ ಒಲ್ಲೆ ಅಂತ ಹೇಳ್ತೆ."

"ಎಂತಕ್ಕೆ ಒಲ್ಲೆ? ನೀ ಪಾಸಾದದ್ದು ಸುಳ್ಳಾ?"

"ನಂಗೆ ಸಾಮಾನು ತಿಳೀತಿಲ್ಲೆ."

"ನಂಗೆ ಸಾಲೆ ತಿಳೀಲಿಲ್ಲ. ಹೋಗು, ಹೋಗಿ ಕೆಲಸ ಮಾಡು. ನೀ ಬಿಟ್ರೆ ಅದು ನಂಗೆ ಬರ್ತದಾ? ಹುಬ್ಬಳ್ಳಿಯಿಂದ ಯಾರನ್ನೋ ಕಳಿಸ್ತಾರೆ." ಮಾತು ಒರಟಾಗಿತ್ತು. ಆದರೂ ಒಂದು ತಟ್ಟೆ ಅವಲಕ್ಕಿ ಕೊಡದೆ ಕಳಿಸಲಿಲ್ಲ.

ಹದಿನೈದು ದಿನ ಕಳೆಯಲಿಲ್ಲ, ಯಲ್ಲಾಪುರಕ್ಕೆ ಹೋದ ಗಾಡಿ ಹೋದ ಹಾಗೇ ವಾಪಸು ಬಂತು. ಚಹಾಪುಡಿಯ ಪೆಟ್ಟಿಗೆಯ ಪಕ್ಕ ಸಾಬೂನಿನ ಪೆಟ್ಟಿಗೆ ಇಟ್ಟು ಕಳಿಸಿದ್ದರು. ಅಲ್ಲಿಯ ಅಂಗಡಿಯವರು ಚಹಾ ಮಾಡಿ ಕುಡಿದು, ಬಟ್ಟೆ ಒಗೆದ ನೀರು ಕುಡಿದ ಹಾಗಿದೆ ಎಂದು ಪೂರ ಪೆಟ್ಟಿಗೆ ತಿರುಗಿಸಿದ್ದರು. ಗಾಡಿ ಹೇರುವಾಗ ಬೀಬಿ ಅಲ್ಲೇ ಎಂಟು ಮಾರು ದೂರದಲ್ಲಿ ಚೀಲ ಹೊಲಿಯುತ್ತ ಕೂತಿದ್ದಳಂತೆ. ಯಾರೂ ಅವಳನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸೂಜಿ ಕೈಗೆ ಚುಚ್ಚಿಕೊಂಡು ರಕ್ತ ಬಂದಿತ್ತು, ಅದನ್ನು ಆ ಸಂಜೆ ನಾನೇ ನೋಡಿದೆ.

ಮರುದಿನ ಅಂದಾನಪ್ಪನವರು ಬೀಬಿಯ ಮನೆಗೇ ಬಂದರು. ಅವಳು ಬೆತ್ತದ ಮೂಡಾ ಹಾಕಿ ಕೂರಿಸಿದಳು. ನಾನು ಗೋಡೆಯ ಈಚೆಯಿಂದ ಎದ್ದು ಬಾಗಿಲಿಗೆ ಬಂದು ನಿಂತೆ.

"ಬೀಬಿಯವರ, ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಎಂದರು ಅವರು. "ಮುಕಾದಮ ಅಂತ ನಾಗಿ ಹೆಸರ ಇರ್ಲಿ, ಧಣ್ಯಾರ್ ಕಾಗದಕ್ಕ ಅದು ಬೇಕು. ನೀವು ಆಕಿ ಮಗ್ಗಲಾಗ ನಿಂದರ್ರಿ. ಯಾವ್ದು ಇಳಿಸ್ಬೇಕು, ಕಿವ್ಯಾಗ ಹೇಳ್ರಿ. ಆಕಿ ಹೇಳ್ತಾಳ. ಎಲ್ಲಾರ್ದೂ ನಡೀತೈತಿ."

"ನಾ ಹೇಳಿದ್ದು ತಪ್ಪಾದ್ರೆ?"

"ನೀವು ತಪ್ಪು ಹೇಳೂದಿಲ್ಲ ಬಿಡ್ರಿ."

"ಆದ್ರೆ ಅಂತ ಕೇಳ್ದೆ ಸಾಹೇಬರೇ. ನಾನೂ ಮನುಷ್ಯಳೇ. ಕೆಟ್ರೆ ಜವಾಬು ಯಾರದ್ದು?"

ಅಂದಾನಪ್ಪನವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ಕಾಗದದಾಗ ನಾಗೀದು ಆಗ್ತೈತಿ."

"ಹಂಗಾದ್ರೆ ನಾ ಹೇಳೋದಿಲ್ಲ."

"ಯಾಕ್ರೀ?"

"ಇಳಿಸು ಅನ್ನೋದು ನಾನು, ಬೈಸ್ಕೊಳ್ಳೋದು ಆ ಹುಡುಗೀನಾ? ನಮ್ಮಲ್ಲಿ ಹಾಗಿಲ್ಲ. ಹೇಳ್ದವ್ರೇ ಉಳಿದದ್ದಕ್ಕೆ ಜವಾಬು. ನನ್ ಹೆಸರು ಕಾಗದದಲ್ಲಿ ಬರೀರಿ, ಬಾಗಿಲಲ್ಲೇ ನಿಂತು ಹೇಳ್ತೇನೆ. ಕಿವೀಲಿ ಹೇಳೋ ಕೆಲಸ ನಂದಲ್ಲ."

"ಬರೀಲಿಕ್ಕೆ ಬರಂಗಿಲ್ಲಲ್ರೀ, ಚೀಟಿ ಇಲ್ಲ!"

"ಚೀಟಿ ಇಲ್ಲ" ಎಂದಳು ಬೀಬಿ. "ಗೊತ್ತು ನಂಗೆ."

ಅವರು ಎದ್ದು ಹೋದರು. ಹೋಗುವಾಗ ನನ್ನ ಕಡೆ ನೋಡಿ, ನೀವಾದರೂ ಹೇಳಿ ಎನ್ನುವ ಹಾಗೆ ಕೈ ಆಡಿಸಿದರು. ನಾನು ಏನು ಹೇಳಲಿ? ನನಗೂ ಬೀಬಿಯ ಮೇಲೆ ಸಿಟ್ಟಿತ್ತು. ಮುಕಾದಮಳ ಕೆಲಸದ ಅರ್ಧ ಭಾಗವಾದರೂ ಕೈಗೆ ಬಂದಿತ್ತು, ಅದನ್ನೂ ಬಿಟ್ಟಳಲ್ಲ ಎಂದು. ಅದನ್ನೇ ಅಂದೆ. ಅವಳು ಮೂಡಾ ಎತ್ತಿ ಒಳಗಿಟ್ಟಳು.

ಆದರೆ ನಾಗಿಗೆ ಕಲಿಸಲು ಒಪ್ಪಿದಳು. "ಕಲ್ತು ನೀನೇ ಹೇಳು, ಜವಾಬೂ ನಿಂದೇ ಆಗ್ಲಿ" ಎಂದಳು. ವಖಾರಿ ಬಿಟ್ಟ ಮೇಲೆ ಹುಡುಗಿ ಅವಳ ಜಗಲಿಗೆ ಬಂದು ಕೂರತೊಡಗಿದಳು. ಗೋಡೆಯ ಈಚೆಗೆ ಎಲ್ಲ ಕೇಳುತ್ತಿತ್ತು.

"ಸಾಬೂನು, ಚಹಾಪುಡಿ, ಬೆಲ್ಲ, ಬೀಡಿ. ಯಾವುದು ಇಳಿಸ್ತೆ?"

"ಸಾಬೂನು ಬೀಬಿ. ಉಳಿದದ್ದೆಲ್ಲ ಬಾಯಿಗೆ ಹಾಕೋದು."

"ಬಾಯಿಗೆ ಹಾಕೋದು ಯಾರು ಕೇಳಿದ್ರು ನಿನ್ನ!"

"ಉತ್ತರ ಸರಿ ಬಂತಲ್ಲ?"

"ಸರಿ ಬಂದ್ರೆ ಎಂತಾಯ್ತು? ಎಂತಕ್ಕೆ ಸರಿ ಅಂತ ಹೇಳು ಮೊದ್ಲು! ಯಾ ಅಲ್ಲಾ, ಈ ಹುಡುಗಿ ತಲೆಗೆ ಎಂತ ತುಂಬಿಟ್ರು ಆ ಮಾಸ್ತರು!" ಏನೋ ಪಾತ್ರೆ ಠಣ್ ಎಂದು ಬಿದ್ದ ಸದ್ದು. ನಾಗಿ ಅಳುವ ಸದ್ದು. ಮತ್ತೆ ಬೀಬಿಯ ದನಿ, ಸಣ್ಣದಾಗಿ, "ಅಳಬೇಡ. ಮತ್ತೊಂದು ಹೇಳ್ತೇನೆ."

ನಾಗಿ ನಿಧಾನವಾಗಿ ಕಲಿತಳು, ಪೂರ್ತಿ ಅಲ್ಲ. ಎರಡು ತಿಂಗಳಲ್ಲಿ ಮತ್ತೂ ಒಂದು ಗಾಡಿ ವಾಪಸು ಬಂತು. ಬೀಬಿ ಅಂದಾನಪ್ಪನವರಿಗೆ ಹೇಳಿ ತನ್ನ ಕೆಲಸದ ಜಾಗವನ್ನು ವಖಾರಿಯ ಹಿಂದಿನ ಕೋಣೆಗೆ ಬದಲಾಯಿಸಿಕೊಂಡಳು. ಗಾಳಿ ಬೆಳಕು ಕಡಿಮೆ, ಹೊಲಿಗೆಗೆ ಕಣ್ಣು ನೋಯುತ್ತದೆ. ಆದರೆ ಅಲ್ಲಿಗೆ ಗಾಡಿ ಹೇರುವ ಮಾತು ಕೇಳುವುದಿಲ್ಲ.

ಶಾಂತಾರಾಮ ಮಾಸ್ತರು ಪೇಟೆಯಲ್ಲಿ ಎದುರಾದಾಗಲೆಲ್ಲ ಅವಳು ಕೇಳುತ್ತಿದ್ದಳು, "ಡಿಪ್ಯೂಟಿ ಸಾಹೇಬರು ಯಾವಾಗ ಬರ್ತಾರೆ ಮಾಸ್ತರೇ?" ಅವರು, "ಮುಂದಿನ ಶಿವರಾತ್ರಿಗೆ ಬಾಯೋರೇ, ನೀವು ಬರ್ಲೇಬೇಕು" ಎನ್ನುತ್ತಿದ್ದರು. ಅವಳು ಪಾಟಿ ತೊಳೆದು ಇಟ್ಟಿದ್ದಳು. ಮಳೆಗಾಲದಲ್ಲಿ ಮತ್ತೆ ನನ್ನ ಹತ್ತಿರ, "ನಾಲ್ಕು ಹೇಳು ಗಂಗೆ" ಎನ್ನಲು ಶುರು ಮಾಡಿದಳು. ನಾನು ಹೇಳಿದೆ. ಹತ್ತಕ್ಕೆ ಹತ್ತೂ ಸಾಲೆಯ ಉತ್ತರವನ್ನೇ ಕೊಟ್ಟಳು.

ಆಗ ನಾನು ಕೇಳಿದೆ. "ಅದನ್ನೇ ಕೇಳಿದ್ರೆ ಬೀಬಿ? ಆ ಕಂದೀಲಿನದ್ದು? ಈ ಸಲ ಹೇಳ್ತೆ ಹೌದಲ್ಲ?"

ಅವಳು ಅಕ್ಕಿಯಲ್ಲಿದ್ದ ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದಳು.

"ಅದನ್ನ ಕೇಳ್ದೇ ಇರ್ಲಿ ಅಂತ ದಿನಾ ನಮಾಜಿನಲ್ಲಿ ಬೇಡ್ಕೊಳ್ತೇನೆ."